ಕಾವಲಿಯ ಮೇಲಿನ ಮುತ್ತು

ಬೇಲೂರು ತಾಲ್ಲೂಕಿನ ಬಿಕ್ಕೋಡಿನಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮನೆಮಂದಿಯೆಲ್ಲ ಒಲೆ ಮುಂದೆ. ಒಣಗಿಸಿಟ್ಟ ಕಾಫಿ ಕಡ್ಡಿ ಚಟಪಟ ಉರಿಯುತ್ತಿರುತ್ತದೆ, ಮೇಲೆ ಕಬ್ಬಿಣದ ಕಾವಲಿ. ಅವ್ವ ಬೆರಳದ್ದಿ ನಾಲ್ಕು ಹನಿ ಚಿಮುಕಿಸುತ್ತಾಳೆ. ಚುಂಯ್ ಎಂದು ಆರಿದರೆ ದೋಸೆ ಹಿಟ್ಟು ಹುಯ್ಯುತ್ತಾಳೆ. ಹನಿ ಸದ್ದಿಲ್ಲದೆ ಮುತ್ತಿನಂತೆ ಉರುಳಾಡಿದರೆ, "ಜಾಸ್ತಿ ಕಾದೈತೆ, ಒಂದು ಕಡ್ಡಿ ಎಳಿ ಮಗ" ಅನ್ನುತ್ತಾಳೆ.

ಹೆಚ್ಚು ಕಾದ ಕಾವಲಿಯಲ್ಲಿ ಹನಿ ಇನ್ನೂ ಬೇಗ ಆರಬೇಕಲ್ಲ, ಬದುಕುವುದೇಕೆ ಎಂದು ನನಗೆ ಬಹಳ ವರ್ಷ ತಿಳಿದಿರಲಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್‌ಗೂ ಇದೇ ಕುತೂಹಲ. 1756ರಲ್ಲಿ ಅವನು ಇದನ್ನು ಬರೆದಿಟ್ಟ. ಕಬ್ಬಿಣದ ಚಮಚವನ್ನು ಕೆಂಪಗೆ ಕಾಯಿಸಿ ಹನಿ ಬಿಟ್ಟ. ಮೊದಲ ಹನಿ ಅರ್ಧ ನಿಮಿಷದಷ್ಟು ಉಳಿಯಿತು. ಚಮಚ ಆರುತ್ತ ಬಂದಂತೆ ಮುಂದಿನ ಹನಿಗಳ ಆಯುಸ್ಸು ಕಡಿಮೆಯಾಯಿತು!

ಗುಟ್ಟು ಆವಿಯಲ್ಲಿದೆ. ಒಂದು ಗ್ರಾಂ ಕುದಿನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ನೀರು ಲೋಹಕ್ಕೆ ತಾಗಿದರೆ ಅಷ್ಟನ್ನೂ ಗಬಗಬನೆ ಹೀರುತ್ತದೆ. ಆದರೆ ಲೋಹ 200 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ದಾಟಿದರೆ ಹನಿಯ ತಳ ತಾಗುವ ಮೊದಲೇ ಆವಿಯಾಗಿ, ಕೂದಲೆಳೆಯಷ್ಟು ತೆಳ್ಳನೆಯ ಹಾಸಿಗೆಯಾಗುತ್ತದೆ. ಹನಿ ಅದರ ಮೇಲೆ ತೇಲುತ್ತದೆ. ಆವಿಯಲ್ಲಿ ಶಾಖ ಹರಿಯುವುದು ಬಲು ನಿಧಾನ. ಹಾಗಾಗಿ ವಿಪರೀತ ಕಾದ ಕಾವಲಿ ಬರೀ ಹನಿಗೆ ತಣಿಯುವುದಿಲ್ಲ. ಹೋಟೆಲಿನವರು ನೀರು ಹಾಕಿ ಕಡ್ಡಿಪೊರಕೆಯಿಂದ ಒತ್ತಿ ಗುಡಿಸುವುದನ್ನು ಕಂಡಾಗಲೆಲ್ಲ ನನಗೆ ಆನಂದ: ಆ ಪೊರಕೆ ಹಾಸಿಗೆಯನ್ನೇ ಹರಿದು ನೀರನ್ನು ಲೋಹಕ್ಕೆ ತಾಗಿಸುತ್ತದೆ.

ಕುಲುಮೆಯಲ್ಲೂ ಇದೇ ಕಥೆ. ಚಿಕ್ಕಂದಿನಲ್ಲಿ ಕತ್ತಿ ತಟ್ಟಿಸಲು ಅಪ್ಪನ ಜೊತೆ ಹೋಗುತ್ತಿದ್ದೆ. ಕೆಂಡದಂಥ ಕತ್ತಿಯನ್ನು ಆಚಾರ್ರು ನೀರಿಗದ್ದಿ ಸುಮ್ಮನೆ ಹಿಡಿಯುತ್ತಿರಲಿಲ್ಲ, ಬಿಡದೆ ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸದಿದ್ದರೆ ಆವಿ ಅಲಗಿಗೆ ಅಂಟಿಕೊಳ್ಳುತ್ತದೆ. ಒಂದು ಕಡೆ ಬೇಗ ಆರಿ ಇನ್ನೊಂದು ಕಡೆ ನಿಧಾನವಾದರೆ ಹದ ಕೆಡುತ್ತದೆ. ಕೆಲವು ಕಡೆ ನೀರಿಗೆ ಉಪ್ಪು ಬೆರೆಸುವುದೂ ಈ ಪೊರೆ ಬೇಗ ಒಡೆಯಲೆಂದೇ. ಎಂಥ ಸೂಕ್ಷ್ಮ ವಿದ್ಯೆ ಅದು! ಪೊರೆ ಒಡೆದ ಕೂಡಲೇ ನೀರು ಭೋರೆಂದು ಕುದಿಯುತ್ತಿತ್ತು. ಆ ಸದ್ದು ತಗ್ಗುವವರೆಗೂ ಆಚಾರ್ರು ಯಾರೊಂದಿಗೂ ಮಾತಾಡುತ್ತಿರಲಿಲ್ಲ.

ನಾನು ಕಡ್ಡಿ ಎಳೆದ ಮೇಲೆ ಅವ್ವನೂ ಹಾಗೆಯೇ. ಸೌಟು ಹಿಡಿದು ಸುಮ್ಮನಿರುತ್ತಾಳೆ, ಮತ್ತೆ ಬೆರಳದ್ದುತ್ತಾಳೆ. ಚುಂಯ್.