ದೀಪ ಸಣ್ಣ ಮಾಡು

ನಮ್ಮಜ್ಜಿ ದೀಪ ‘ಆರಿಸು’ ಅಂದವರಲ್ಲ. ರಾತ್ರಿ ಮಲಗುವ ಮುಂಚೆ ‘ಲಾಟೀನು ಸಣ್ಣ ಮಾಡು’ ಅನ್ನುತ್ತಿದ್ದರು. ಪಕ್ಕದ ಪುಟ್ಟ ತಿರುಪನ್ನು ತಿರುಗಿಸಿದರೆ ಬತ್ತಿ ಒಳಗಿಳಿದು, ಗಾಜಿನ ಬುಡದಲ್ಲಿ ಗುಲಗಂಜಿಯಷ್ಟು ಕೆಂಪು ಉಳಿಯುತ್ತಿತ್ತು. ರಾಜಾಜಿನಗರದ ಮನೆಗೆ ಬಂದ ಮೇಲೆ ಆ ಮಾತೇ ಮನೆಯಿಂದ ಹೋಯಿತು. ಸ್ವಿಚ್ಚಿಗೆ ಗೊತ್ತಿರುವುದು ಎರಡೇ: ಹಾಕುವುದು, ಆರಿಸುವುದು.

ನಡುವಿನ ಜಾಗಕ್ಕೆ ಬಂದದ್ದು ಜೀರೋ ಬಲ್ಬು. ಹೆಸರು ಜೀರೋ ಆದರೂ ಅದು ಹನ್ನೆರಡು ಹದಿನೈದು ವ್ಯಾಟ್ ತಿನ್ನುತ್ತಿತ್ತು. ನಮ್ಮಲ್ಲಿದ್ದದ್ದು ಹಸಿರಿನದು. ಅದರಡಿ ಮಲಗಿದವರ ಮುಖ ನೋಡಿದರೆ ಜ್ವರ ಬಂದವರ ಹಾಗೆ ಕಾಣುತ್ತಿತ್ತು. ಅದು ಕೆಟ್ಟ ಮೇಲೆ ಮತ್ತೆ ತರಲಿಲ್ಲ. ಒಂದು ರಾತ್ರಿ ಅಮ್ಮ ಬಚ್ಚಲಿಗೆಂದು ಎದ್ದು ಟ್ಯೂಬ್‌ಲೈಟ್ ಹಾಕಿದರು. ಕಣ್ಣು ಕೋರೈಸಿ ಕುರ್ಚಿಗೆ ಎಡವಿದರು. ಮರುದಿನವೇ ಕಾಮಾಕ್ಷಿಪಾಳ್ಯದ ಅಂಗಡಿಗೆ ಹೋಗಿ ಡಿಮ್ಮರ್ ಕೇಳಿದೆ.

“ಡಿಮ್ಮರ್‌ಗೆ ಸಾದಾ ಎಲ್‌ಇಡಿ ಹಾಕ್ಬೇಡಿ ಸಾರ್, ಕಣ್ಣು ಮಿಟುಕಿಸ್ತಾ ಇರುತ್ತೆ” ಎಂದರು ಅಂಗಡಿಯವರು. ಒಳಗೆ ಹುಡುಕಿ, ಧೂಳು ಕೂತ ಡಬ್ಬದಿಂದ ಅರವತ್ತು ವ್ಯಾಟಿನ ನಾಲ್ಕು ಹಳೇ ಬಲ್ಬು ತಂದುಕೊಟ್ಟರು. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದೆ; ತಂತಿ ಗಟ್ಟಿಯಾಗಿತ್ತು.

ಕೆಲಸ ಅರ್ಧ ಗಂಟೆಯದು. ಮೇನ್ ಇಳಿಸಿ, ಟೆಸ್ಟರ್ ಇಟ್ಟು ಖಾತ್ರಿ ಮಾಡಿಕೊಂಡು, ನಡುಮನೆಯ ಬೋರ್ಡು ಬಿಚ್ಚಿ, ಹಳೇ ಸ್ವಿಚ್ಚಿನ ಎರಡು ತಂತಿಗಳನ್ನು ಡಿಮ್ಮರಿಗೆ ಬಿಗಿದೆ. ಅದು ಕೂರುವುದು ಫೇಸ್ ತಂತಿಯ ದಾರಿಯಲ್ಲಿ. ನ್ಯೂಟ್ರಲ್ ಮುಟ್ಟುವ ಹಾಗಿಲ್ಲ.

ಅದರ ಹೊಟ್ಟೆಯಲ್ಲಿರುವ ಟ್ರಯಾಕ್ ಎಂಬ ಚೂರನ್ನು ನೆನೆದರೆ ನನಗೆ ಇಂದಿಗೂ ಬೆರಗು. ನಮ್ಮ ಕರೆಂಟು ಸೆಕೆಂಡಿಗೆ ಐವತ್ತು ಸಲ ಏರಿಳಿಯುತ್ತದೆ, ಅಂದರೆ ನೂರು ಅರ್ಧ ಅಲೆಗಳು. ಪ್ರತಿ ಅಲೆಗೂ ಈ ಚೂರು ಒಂದು ಕ್ಷಣ ಬಾಗಿಲು ಮುಚ್ಚಿಕೊಂಡಿದ್ದು ಆಮೇಲೆ ತೆರೆಯುತ್ತದೆ. ಎಷ್ಟು ತಡವಾಗಿ ತೆರೆಯುತ್ತದೋ ಬೆಳಕು ಅಷ್ಟು ಸಣ್ಣದು. ಹಿಂದೆ ನಾಟಕದವರು ಬೆಳಕು ಇಳಿಸಬೇಕಾದರೆ ಸುರುಳಿ ತಂತಿಯಲ್ಲಿ ಹೆಚ್ಚಿನ ಕರೆಂಟನ್ನು ಸುಟ್ಟು ಕಳೆಯಬೇಕಿತ್ತು, ಇಲ್ಲವೇ ಉಪ್ಪುನೀರಿನ ಪಾತ್ರೆಯಲ್ಲಿ ಲೋಹದ ತಗಡು ಏರಿಸಿ ಇಳಿಸಬೇಕಿತ್ತು. ಗೋಡೆಯ ಸ್ವಿಚ್ಚಿನ ಪೆಟ್ಟಿಗೆಯಲ್ಲೇ ಹಿಡಿಸುವ ಡಿಮ್ಮರನ್ನು ಜೋಯಲ್ ಸ್ಪೈರಾ ಎಂಬಾತ 1959ರಲ್ಲಿ ನ್ಯೂಯಾರ್ಕಿನ ತನ್ನ ಮನೆಯ ಒಂದು ಕೋಣೆಯಲ್ಲಿ ಕೂತು ರೂಪಿಸಿದ.

ನನ್ನ ಡಿಮ್ಮರಿಗೊಂದು ಗುಣವಿದೆ. ಸೊನ್ನೆಯಿಂದ ಮೆಲ್ಲಗೆ ತಿರುಗಿಸುತ್ತ ಹೋದರೆ ಬಲ್ಬು ಹತ್ತುವುದಿಲ್ಲ. ಸುಮಾರು ದೂರ ಹೋದ ಮೇಲೆ ತಟ್ಟನೆ ಹತ್ತಿಕೊಳ್ಳುತ್ತದೆ. ಅಲ್ಲಿಂದ ಹಿಂದಕ್ಕೆ ತಂದರೆ ಎಷ್ಟು ಬೇಕಾದರೂ ಇಳಿಯುತ್ತದೆ. ಲಾಟೀನೂ ಹಾಗೇ ಅಲ್ಲವೇ? ಬತ್ತಿ ಏರಿಸಿ ಹಚ್ಚಿ, ಆಮೇಲೆ ಸಣ್ಣ ಮಾಡಬೇಕು. ಬೆರಳಿಗೆ ಆ ಹಳೇ ತಿರುಪು ಮತ್ತೆ ಸಿಕ್ಕ ಹಾಗಾಯಿತು.

ಎಷ್ಟಕ್ಕೆ ನಿಲ್ಲಿಸಬೇಕೆಂದು ತಿಳಿಯಲು ಒಂದು ವಾರ ಹಿಡಿಯಿತು. ಗೋಡೆಯ ಕ್ಯಾಲೆಂಡರಿನ ತಾರೀಖು ಓದಲು ಬರಬಾರದು, ಬಚ್ಚಲ ಹೊಸ್ತಿಲು ಮಾತ್ರ ಕಾಣಬೇಕು. ಅಷ್ಟಕ್ಕಿಳಿದಾಗ ಬಲ್ಬನ್ನು ನೇರ ನೋಡಬಹುದು. ಒಳಗಿನ ತಂತಿ ಇದ್ದಿಲ ಕೆಂಡದ ಬಣ್ಣಕ್ಕೆ ಬಂದು, ಅದನ್ನು ಹಿಡಿದ ಕೊಂಡಿಗಳನ್ನು ಎಣಿಸಬಹುದು. ಎಲ್‌ಇಡಿಯನ್ನು ಇಳಿಸಿದರೆ ಬೆಳಕು ಬರೀ ಕಡಿಮೆಯಾಗುತ್ತದೆ. ಇದು ಮಾಗುತ್ತ ಕೆಂಪಾಗುತ್ತದೆ. ನಿದ್ದೆಗೆ ಕೇಡು ಮಾಡುವುದು ಹೆಚ್ಚಾಗಿ ನೀಲಿ ಬೆಳಕು, ಇದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕರೆಂಟ್ ಬಿಲ್ಲಿನ ಲೆಕ್ಕ ಹಾಕಿದರೆ ಪುಟ್ಟ ಎಲ್‌ಇಡಿಯೇ ಗೆಲ್ಲುತ್ತದೆ, ಒಪ್ಪುತ್ತೇನೆ. ಬಲ್ಬಿನ ಬೆಳಕು ಇಳಿದಷ್ಟು ಬೇಗ ಅದು ತಿನ್ನುವ ಕರೆಂಟು ಇಳಿಯುವುದಿಲ್ಲ. ಆದರೆ ಆಯಸ್ಸು ಬೆಳೆಯುತ್ತದೆ. ಕರೆಂಟಿನ ಒತ್ತಡವನ್ನು (ವೋಲ್ಟೇಜ್) ಹತ್ತರಲ್ಲಿ ಒಂದು ಪಾಲು ತಗ್ಗಿಸಿದರೂ ಇಂಥ ಬಲ್ಬು ಮೂರು ಪಟ್ಟು ಹೆಚ್ಚು ಬಾಳುತ್ತದೆ. ಉಳಿದ ಮೂರು ಇನ್ನೂ ಬೀರುವಿನಲ್ಲೇ ಇವೆ.

ಬೆಳಗಿನ ಜಾವ ಕಾವೇರಿ ನೀರು ಬಂದಾಗ ಕೆಳಗಿನ ಮನೆಯವರು ಸಂಪಿನ ಮೋಟಾರು ಹಾಕುತ್ತಾರೆ. ಆಗ ದೀಪ ಒಮ್ಮೆ ಬೆಚ್ಚಿ ಸುಧಾರಿಸಿಕೊಳ್ಳುತ್ತದೆ. 1905ರಲ್ಲಿ ಈ ಊರಿನ ಬೀದಿಗೆ ಬಂದ ಮೊದಲ ಕರೆಂಟು ದೀಪವೂ ಶಿವನಸಮುದ್ರದ ಕಾವೇರಿಯದೇ. ಎಚ್ಚರವಾಗಿದ್ದ ಹೊತ್ತಿನಲ್ಲಿ ಅದು ನೆನಪಾಗಿ, ನೀರೂ ಬೆಳಕೂ ಒಂದೇ ಕಡೆಯಿಂದ ಬಂದು ಮನೆಯಲ್ಲಿ ಮಾತಾಡಿಕೊಂಡಂತೆ ಅನ್ನಿಸುತ್ತದೆ.

ಈಗ ಅಮ್ಮನೂ ತಿರುಪು ಕಲಿತಿದ್ದಾರೆ. ಮಂಡಿನೋವು ಹೆಚ್ಚಾಗಿ ನಿದ್ದೆ ಬಾರದಿದ್ದರೆ ನನ್ನನ್ನು ಎಬ್ಬಿಸುವವರಲ್ಲ. ದೀಪ ಒಂದಿಷ್ಟು ದೊಡ್ಡದು ಮಾಡಿಕೊಂಡು ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿರುತ್ತಾರೆ. ಕೇಳಿದರೆ “ಚೆನ್ನಾಗೇ ಮಲಗಿದ್ದೆ ಕಣೋ” ಎನ್ನುತ್ತಾರೆ. ಅದಕ್ಕೇ ಬೆಳಿಗ್ಗೆ ಎದ್ದವನು ಮೊದಲು ಗುಂಡಿ ನೋಡುತ್ತೇನೆ. ಇವತ್ತು ಅದು ನಾನು ರಾತ್ರಿ ಬಿಟ್ಟ ಕಡೆಯೇ ಇತ್ತು.