ಬಾಟಲಿಯ ಲ್ಯಾವೆಂಡರು, ಬನಹಟ್ಟಿಯ ಬತ್ತಿ

ಹೋದ ದೀಪಾವಳಿಗೆ ಊರಿಗೆ ಹೊರಟಾಗ ಬೆಂಗಳೂರಿನ ಮಾಲ್ ಒಂದರಲ್ಲಿ ಪರಿಮಳದ ಮೇಣದಬತ್ತಿ ಕೊಂಡೆ. ಗಾಜಿನ ಬಾಟಲಿ, ಮರದ ಮುಚ್ಚಳ, ಮೇಲೆ ಲ್ಯಾವೆಂಡರ್ ಹೂವಿನ ಚಿತ್ರ. ‘ನ್ಯಾಚುರಲ್ ಸೋಯಾ ಬ್ಲೆಂಡ್’ ಅಂತ ಬರೆದಿತ್ತು. ಬೆಲೆ ಮಾತ್ರ ಅವ್ವನಿಗೆ ಹೇಳುವ ಹಾಗಿರಲಿಲ್ಲ.

ನಮ್ಮದು ಬನಹಟ್ಟಿ. ರಬಕವಿ, ಬನಹಟ್ಟಿ ಎರಡು ಊರು, ನಗರಸಭೆ ಒಂದೇ. ಬೆಂಗಳೂರಿನ ರಾತ್ರಿ ಬಸ್ಸು ಗದ್ದನಕೇರಿ ಕ್ರಾಸ್ ದಾಟಿ ಅನಗವಾಡಿ ಸೇತುವೆ ಹತ್ತುವಾಗ ನನಗೆ ತಾನಾಗೇ ಎಚ್ಚರವಾಗುತ್ತದೆ. ಕೆಳಗೆ ಘಟಪ್ರಭೆ. ಆಲಮಟ್ಟಿ ಹಿನ್ನೀರು ಬಂದ ಮೇಲೆ ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಮೇಲಕ್ಕೆ ಬಂದು ಕೂತವು. ನಮ್ಮ ಅತ್ತಿಯ ಊರೂ ಅದರಲ್ಲೊಂದು. ಬೀಳಗಿ ದಾಟಿದರೆ ಎರಡೂ ಕಡೆ ಕರಿ ಮಣ್ಣು, ಹಿಂಗಾರಿಯ ಜೋಳ, ಕಡಲಿ, ನಡುನಡುವೆ ಕುಸುಬಿ. ಜಮಖಂಡಿ ಬರುವ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಶುರು. ಕಿಟಕಿ ಸರಿಸಿದರೆ ಮೂಗಿಗೆ ಬಡಿಯುವುದು ಕಾಕಂಬಿಯ ಹುಳಿ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಅದು ಊರು ಬಂತು ಅನ್ನುವ ಸುದ್ದಿ.

ಅಪ್ಪ ಮೂವತ್ತೈದು ವರ್ಷ ಪಾವರ್‌ಲೂಮ್ ನಡೆಸಿದವರು. ಹತ್ತಿ ನೂಲಿನ ಧೂಳು ಬರೀ ಅಂಗಿಯ ಮೇಲೆ ಕೂರುವುದಿಲ್ಲ, ಎದೆಯೊಳಗೂ ಇಳಿಯುತ್ತದೆ. ಹತ್ತಿ ಗಿರಣಿ ಕೆಲಸಗಾರರಿಗೆ ರಜೆ ಮುಗಿಸಿ ಬಂದ ಮೊದಲ ದಿನ ಎದೆ ಬಿಗಿಯುವ ಒಂದು ಕಾಯಿಲೆಯೇ ಇದೆ. ವೈದ್ಯರು ಅದಕ್ಕೆ ಬಿಸಿನೋಸಿಸ್ ಅನ್ನುತ್ತಾರೆ. ಅಪ್ಪನದು ಅದೇ ಅಂತ ಯಾರೂ ಹೇಳಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ‘ದಮ್ಮು’ ಅಂತಷ್ಟೇ ಹೆಸರು.

ಹಬ್ಬದ ಸಂಜೆ ಬತ್ತಿ ಹಚ್ಚಿ ಪಡಸಾಲೆಯಲ್ಲಿಟ್ಟೆ. ತಂಪು ಅಂತ ಕಿಟಕಿ ಹಾಕಿದ್ದರು. ಅರ್ಧ ತಾಸಿಗೆ ಅಪ್ಪ ಕೆಮ್ಮಲು ಶುರು ಮಾಡಿದರು. ಒಂದು ತಾಸಿಗೆ ಇನ್‌ಹೇಲರ್ ಹುಡುಕುವ ಹಾಗಾಯಿತು. ರಾತ್ರಿ ಹನ್ನೊಂದಕ್ಕೆ ಕಟ್ಟೆಯ ಮೇಲೆ ಗೋಡೆಗೆ ಒರಗಿ, ಎರಡೂ ಕೈ ಮೊಣಕಾಲಿಗೆ ಊರಿ ಉಸಿರಿಗಾಗಿ ಬಾಯಿ ತೆರೆದು ಕುಳಿತಿದ್ದರು. ನಾನು ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತಿದ್ದೆ. ಅವರು ಮಾತಾಡಲು ಆದ ಮೇಲೆ ಅಂದದ್ದು ಇಷ್ಟೇ: “ವಾಸನಿ ಛಲೋ ಐತಿ. ನನಗ ಆಗಂಗಿಲ್ಲ, ಅಷ್ಟ.”

ಮರುದಿನ ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಔಷಧಿ ಬದಲಿಸಿ, ಧೂಳು, ಹೊಗೆ, ಗಾಢ ವಾಸನೆ ಮೂರೂ ಮನೆಯೊಳಗೆ ಬೇಡ ಅಂದರು. “ಊದಿನಕಡ್ಡಿ?” ಅಂತ ಅವ್ವ ಕೇಳಿದಳು. “ಅದೂ ಹೊಗೀನ ಅಲ್ರೀ” ಅಂದರು ಡಾಕ್ಟರು. ಅವ್ವನ ಮುಖ ನೋಡಲಾಗಲಿಲ್ಲ. ವಾಪಸ್ ಬರುವಾಗ ಅಪ್ಪನಿಗೆ ಗಾಳಿ ಬೇಕೆನಿಸಿ ರಾಮತೀರ್ಥದ ಗುಡ್ಡಕ್ಕೆ ಹೋದೆವು. ಪಟವರ್ಧನ ರಾಜರ ಅರಮನೆ ಇರುವ ಜಾಗ. 1948ರಲ್ಲಿ ಸಂಸ್ಥಾನ ವಿಲೀನವಾಗುವವರೆಗೂ ಈ ಸುತ್ತಿನ ಊರುಗಳ ಹಣೆಬರಹ ಅಲ್ಲೇ ಬರೆಯುತ್ತಿದ್ದರು. ಅಪ್ಪ ಕಲ್ಲಿನ ಮೇಲೆ ಕುಳಿತು ನಿಧಾನ ಉಸಿರಾಡಿದರು. ಅವ್ವ ಮಾತಾಡಲಿಲ್ಲ. ನಲವತ್ತು ವರ್ಷದಿಂದ ಮಂಗಳವಾರ, ಶುಕ್ರವಾರ ಲೋಬಾನ ಹಾಕಿದವಳು ಅವಳು.

ಕೋಡ್ ಬರೆಯುವವನ ಚಟ ಬಿಡುತ್ತದೆಯೇ? ಆಫೀಸಿನ ಗೆಳೆಯನೊಬ್ಬ ಕೊಟ್ಟಿದ್ದ ಸಣ್ಣ ಗಾಳಿ ಮೀಟರ್ ನನ್ನ ಬ್ಯಾಗಿನಲ್ಲಿತ್ತು. ಪಿಎಂ 2.5 ಅಂದರೆ 2.5 ಮೈಕ್ರಾನ್‌ಗಿಂತ ಸಣ್ಣ ಕಣ, ಪುಪ್ಪುಸದ ತಳದವರೆಗೂ ಹೋಗುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ದಿನದ ಸರಾಸರಿ ಘನಮೀಟರಿಗೆ 15 ಮೈಕ್ರೋಗ್ರಾಂ. ಅಪ್ಪನನ್ನು ಪಕ್ಕದ ಮನೆಗೆ ಕಳಿಸಿ ಒಂದೊಂದನ್ನೇ ಹಚ್ಚಿ ನೋಡಿದೆ.

ಮೇಣದಬತ್ತಿ ನೆಟ್ಟಗೆ ಉರಿಯುವಾಗ ಅಂಕಿ ಅಷ್ಟೇನೂ ಏರಲಿಲ್ಲ. ಬತ್ತಿ ಉದ್ದವಾಗಿ ಜ್ವಾಲೆ ಕುಣಿದಾಗ ಏರಿತು, ಊದಿ ಆರಿಸಿದಾಗ ಜಿಗಿಯಿತು. ಊದಿನಕಡ್ಡಿಗೆ ಅಂಕಿ ಎರಡರಿಂದ ಮೂರಕ್ಕೆ ಹೋಯಿತು. ಲೋಬಾನಕ್ಕೆ ಮೀಟರ್ ಕೆಂಪಾಗಿ ಹಾಗೇ ನಿಂತುಬಿಟ್ಟಿತು. ಆಮೇಲೆ ಓದಿದೆ: ಒಂದು ಗ್ರಾಂ ಸಿಗರೇಟಿನಿಂದ ಸುಮಾರು 10 ಮಿಲಿಗ್ರಾಂ ಕಣ ಹೊರಬಿದ್ದರೆ, ಒಂದು ಗ್ರಾಂ ಊದಿನಕಡ್ಡಿಯಿಂದ 45ಕ್ಕಿಂತ ಹೆಚ್ಚು ಬರುತ್ತದಂತೆ.

ಹಾಗಾದರೆ ನನ್ನ ಬತ್ತಿ ನಿರಪರಾಧಿಯೇ? ಅಲ್ಲ. ಮೀಟರ್ ಎಣಿಸುವುದು ಕಣಗಳನ್ನು, ವಾಸನೆಯನ್ನಲ್ಲ. ಪರಿಮಳ ಅಂದರೆ ಬೇಗ ಆವಿಯಾಗುವ ರಾಸಾಯನಿಕಗಳು. ನಿಂಬೆ, ಕಿತ್ತಳೆ ವಾಸನೆಯ ಲಿಮೊನೀನ್ ಗಾಳಿಯ ಓಝೋನ್ ಜೊತೆ ಸೇರಿ ಒಂದಿಷ್ಟು ಫಾರ್ಮಾಲ್ಡಿಹೈಡ್ ಆಗುತ್ತದೆ. ಗಟ್ಟಿ ಎದೆಯವರಿಗೆ ಗೊತ್ತೇ ಆಗುವುದಿಲ್ಲ. ಅಪ್ಪನ ಎದೆ ನನ್ನ ಮೀಟರಿಗಿಂತ ಸೂಕ್ಷ್ಮ.

ಮೇಣದ ವಿಷಯದಲ್ಲೂ ಅಂಗಡಿಯವರು ಹೇಳುವಷ್ಟು ವ್ಯತ್ಯಾಸ ಇಲ್ಲ. ಪ್ಯಾರಾಫಿನ್ ಕಚ್ಚಾತೈಲದ ಉಪ ಉತ್ಪನ್ನ, ನಿಜ. ಆದರೆ ‘ಬ್ಲೆಂಡ್’ ಅಂದರೆ ಸೋಯಾ ಎಷ್ಟು, ಪ್ಯಾರಾಫಿನ್ ಎಷ್ಟು ಅಂತ ನನ್ನ ಬಾಟಲಿಯ ಮೇಲೆ ಎಲ್ಲೂ ಇರಲಿಲ್ಲ. ಜೇನುಮೇಣ ಗಾಳಿ ಶುದ್ಧ ಮಾಡುತ್ತದೆ ಅನ್ನುವುದು ಬರೀ ಮಾರಾಟದ ಮಾತು. ಉರಿಯುವ ಯಾವುದೂ ಗಾಳಿ ತೊಳೆಯುವುದಿಲ್ಲ. ಹಚ್ಚಲೇಬೇಕೆಂದರೆ ವಾಸನೆ ಇಲ್ಲದ್ದು, ಬತ್ತಿ ಅರ್ಧ ಸೆಂಟಿಮೀಟರಿಗೆ ಕತ್ತರಿಸಿದ್ದು, ಕಿಟಕಿ ತೆರೆದು, ಆರಿಸುವಾಗ ಊದದೆ ಮುಚ್ಚಳ ಹಾಕಿ. ಇಷ್ಟೇ ನಾನು ಕಲಿತದ್ದು.

ಬತ್ತಿಯ ವಿಷಯ ಮಾತ್ರ ನನಗೆ ಕಲಿಸಿದ್ದು ಅಪ್ಪ. ಹಳೆ ಬತ್ತಿಗಳಲ್ಲಿ ಸೀಸದ ತಂತಿ ಇರುತ್ತಿತ್ತು, ಅಮೆರಿಕದಲ್ಲಿ 2003ರಲ್ಲಿ ನಿಷೇಧಿಸಿದರು ಅಂತ ನಾನು ಮೊಬೈಲ್ ನೋಡಿ ಹೇಳುತ್ತಿದ್ದೆ. ಅವರು ದೇವರ ಜಗಲಿಯ ಮೇಲಿದ್ದ ರೆಡಿಮೇಡ್ ಹೂಬತ್ತಿಯ ಪಾಕೀಟು ತಂದು, ಒಂದನ್ನು ಬಾಗಿಲ ಹೊರಗೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿದರು. ಅದು ಕರಗಿ, ಕರಿ ಹೊಗೆ ಬಿಟ್ಟು, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಆಮೇಲೆ ಲೂಮಿನ ಹತ್ತಿ ನೂಲಿನ ತುಂಡು ಸುಟ್ಟರು. ಅದು ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಗಿ ಬೆರಳಿಗೆ ಹತ್ತಿತು.

“ಮೊದಲಿಂದು ಪಾಲಿಸ್ಟರ್ ಕೂಡಿಸಿದ್ದು. ಇದು ಹತ್ತಿ. ನೂಲು ಖರೀದಿ ಮಾಡೂಮುಂದ ನಾವು ಹಿಂಗ ನೋಡತಿದ್ವಿ” ಅಂದರು. ಇಷ್ಟು ವರ್ಷ ದೇವರ ಮುಂದೆ ಪ್ಲಾಸ್ಟಿಕ್ ಸುಡುತ್ತಿದ್ದೆವು. ಅವ್ವ ಆ ಪಾಕೀಟನ್ನು ಅಲ್ಲೇ ಕಸಕ್ಕೆ ಎಸೆದಳು. ಅವಳ ಮೌನ ಮುರಿದದ್ದೂ ಆಗಲೇ.

ಆದರೂ ಲೋಬಾನದ ಜಗಳ ಮುಗಿಯಲಿಲ್ಲ. “ನಿನ್ನ ಬಾಟಲಿ ಬಂದ್ ಮಾಡಂದ್ರ ನನ್ನ ದೇವರಿಗೆ ಯಾಕ ಬಂದ್ರಿ?” ಅಂತ ಒಂದು ರಾತ್ರಿ ಜೋರಾಗಿ ಕೇಳಿದಳು. ಮೀಟರ್ ತೋರಿಸಿದೆ. “ಅದಕ್ಕೇನ ಗೊತ್ತು” ಅಂದಳು. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಅವರ ಉಸಿರಿನ ಸಲುವಾಗಿ ಇಬ್ಬರು ಜಗಳಾಡುವುದು ಅವರಿಗೆ ಕೆಮ್ಮಿಗಿಂತ ಕಷ್ಟವಾಗಿತ್ತು ಅನಿಸುತ್ತದೆ. ನಾನು ಸುಮ್ಮನಾದೆ.

ಎರಡು ದಿನ ಬಿಟ್ಟು ಗೆಳೆಯನ ಮನೆ ಕೆಲಸಕ್ಕೆ ಮುಧೋಳಕ್ಕೆ ಹೊರಟೆ. “ಬಜಾರದಾಗ ಔಡಲೆಣ್ಣಿ ಸಿಕ್ಕರ ತಾ” ಅಂದಳು ಅವ್ವ, ನನ್ನ ಮುಖ ನೋಡದೆ. ಮುಧೋಳ ಅಂದರೆ ಎಲ್ಲರಿಗೂ ನಾಯಿ, ಓದಿದವರಿಗೆ ರನ್ನ. ನನಗೆ ಅವತ್ತು ಎಣ್ಣೆ. ಒಂದು ಲೀಟರ್ ಔಡಲೆಣ್ಣೆ, ಸಂತೆಯಲ್ಲಿ ಆರು ಮಣ್ಣಿನ ಪಣತಿ, ಒಂದು ಕಟ್ಟು ಮರುಗ, ಒಂದು ಮೊಳ ಸೇವಂತಿಗೆ ತಂದೆ.

ಆ ಶುಕ್ರವಾರ ಅವ್ವ ಲೋಬಾನದ ಧೂಪಾರತಿಯನ್ನು ಹಿತ್ತಲ ತುಳಸಿಕಟ್ಟೆಗೆ ಒಯ್ದಳು. ದೇವರ ಮನೆಯಲ್ಲಿ ಒಂದೇ ಪಣತಿ, ಅಪ್ಪ ಹೊಸೆದ ಹತ್ತಿ ನೂಲಿನ ಬತ್ತಿ. ದೇವರ ಮುಡಿಯಲ್ಲಿ ಮರುಗ. ಹಿತ್ತಲಿನಿಂದ ಲೋಬಾನದ ಎಳೆಯೊಂದು ಒಳಗೆ ಬಂತು, ಯಾರೂ ಏನೂ ಅನ್ನಲಿಲ್ಲ. ಅಪ್ಪ ಪಡಸಾಲೆಯಲ್ಲೇ ಊಟ ಮಾಡಿದರು, ಅಲ್ಲೇ ಮಲಗಿದರು. ನಾನು ಎರಡು ಸಲ ಎದ್ದು ಅವರ ಉಸಿರು ಕೇಳಿಸಿಕೊಂಡೆ.

ಬೆಂಗಳೂರಿಗೆ ಹೊರಡುವ ದಿನ ಅವ್ವ ಕಟ್ಟಿಕೊಟ್ಟ ಬುತ್ತಿಯಲ್ಲಿ ಆ ಗಾಜಿನ ಬಾಟಲಿಯೂ ಇತ್ತು. ಮೇಣ ತೆಗೆದು, ಬಿಸಿನೀರಲ್ಲಿ ತಿಕ್ಕಿ ತೊಳೆದು, ಶೇಂಗಾ ಚಟ್ನಿ ತುಂಬಿದ್ದಳು. ಇಷ್ಟು ರೊಕ್ಕ ಕೊಟ್ಟ ಬಾಟಲಿ ಒಗೆಯುವುದು ಹ್ಯಾಂಗ ಅಂತ ಅವಳ ಲೆಕ್ಕ. ಬೆಲೆ ಅವಳಿಗೆ ಹೇಗೆ ಗೊತ್ತಾಯಿತೋ! ಬೀಳಗಿ ದಾಟಿದ ಮೇಲೆ ರೊಟ್ಟಿ ಬಿಚ್ಚಿದೆ. ಮರದ ಮುಚ್ಚಳಕ್ಕೆ ಮಾತ್ರ ಇನ್ನೂ ಲ್ಯಾವೆಂಡರ್ ವಾಸನೆ ಇತ್ತು, ಪಕ್ಕದ ಸೀಟಿನವರು “ಏನ್ರೀ, ಚಟ್ನಿಗೆ ಸೆಂಟ್ ಹಾಕೀರೇನು?” ಅಂತ ಕೇಳಿದರು.