ಹರಿದ ನೋಟಿನ ಬೆಲೆ

ನಾಗಪುರದ ಮಹಾಲ್ ಬಡಾವಣೆಗೆ ಹೋದದ್ದು ಭೋಂಸಲೆಯವರ ಅರಮನೆ ನೋಡಲೆಂದು. ಕಾಲು ನಿಂತದ್ದು ಮಾತ್ರ ಹರಿದ ನೋಟು ಬದಲಿಸಿಕೊಡುವ ಮುದುಕರೊಬ್ಬರ ಮುಂದೆ. ಗಾಂಧಿ ಗೇಟು ದಾಟಿದರೆ ಬೀದಿ ಇಕ್ಕಟ್ಟಾಗುತ್ತ ಹೋಗುತ್ತದೆ. ಸೀರೆ ಅಂಗಡಿ, ಪಾತ್ರೆ ಅಂಗಡಿ, ತರ್ರಿ ಪೋಹೆಯ ಗಾಡಿ, ಎಲ್ಲದರ ನಡುವೆ ನುಗ್ಗುವ ಸ್ಕೂಟರು. ನನ್ನ ಜೇಬಿನಲ್ಲಿ ನಡುವೆ ಸೀಳಿದ ನೂರರ ನೋಟೊಂದಿತ್ತು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ "ಎಂಬತ್ತು" ಅಂದರು.

"ನೂರು ಅಂತ ಬರೆದಿದೆಯಲ್ಲ ಬಾಬಾ?"

"ಬರೆದಿರಲಿ ಮಗಾ. ಎದುರಿನ ಅಂಗಡಿಯವ ನೂರಕ್ಕೆ ತಗೊಳ್ತಾನಾ, ಕೇಳಿ ಬಾ."

ಜೊತೆಗಿದ್ದ ಭಾವ ನಕ್ಕರು. ನನಗೆ ಬಿ. ಆರ್. ಶೆಣೈ ನೆನಪಾದರು. ನಮ್ಮ ಕಾಸರಗೋಡಿನ ಕಡೆಯವರು, ಹೊಸದುರ್ಗದ ಹತ್ತಿರದ ಬೆಳ್ಳಿಕೋತಿನಲ್ಲಿ 1905ರಲ್ಲಿ ಹುಟ್ಟಿದವರು. ಆಗ ಅದು ದಕ್ಷಿಣ ಕನ್ನಡ ಜಿಲ್ಲೆ. ನೋಟಿನ ಮೇಲೆ ಬರೆದ ಬೆಲೆ ಬೇರೆ, ಅದು ನಿಜವಾಗಿ ಕೊಳ್ಳುವ ಬೆಲೆ ಬೇರೆ ಎಂಬುದನ್ನು ಆಯುಷ್ಯವಿಡೀ ಹೇಳುತ್ತ ಬಂದ ಪ್ರೊಫೆಸರು.

ನಾಗಪುರಕ್ಕೂ ಅವರಿಗೂ ಒಂದು ಋಣವಿದೆ. ಗಾಂಧಿಯವರ ಕರೆಗೆ ಓಗೊಟ್ಟು ಹೊರಟ ಹುಡುಗ ಸೆರೆಯಲ್ಲಿದ್ದದ್ದು ಈ ಊರಿನ ಜೈಲಿನಲ್ಲೇ. ಓದು ಮುಗಿಸು ಎಂದು ಮದನ ಮೋಹನ ಮಾಳವೀಯರು ಹೇಳಿದ ಮೇಲೆ ಕಾಶಿಗೆ, ಅಲ್ಲಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ. 1931ರಲ್ಲಿ ಅರ್ಥಶಾಸ್ತ್ರಜ್ಞ ಹಾಯೆಕ್ ಅಲ್ಲಿ ಕೊಟ್ಟ ಉಪನ್ಯಾಸಗಳನ್ನು ಕೇಳಿದವರಲ್ಲಿ ಇವರೂ ಒಬ್ಬರು. ಆಮೇಲೆ ಸಿಲೋನಿನಲ್ಲಿ ಪಾಠ, ಅಲ್ಲಿನ ನಾಣ್ಯ ಮತ್ತು ಬ್ಯಾಂಕುಗಳ ಬಗ್ಗೆ ಒಂದು ಪುಸ್ತಕ, ರಿಸರ್ವ್ ಬ್ಯಾಂಕು, ವಾಷಿಂಗ್ಟನ್ನಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ. 1954ರಿಂದ ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾಲಯ.

ಮರುವರ್ಷವೇ ಅವರು ಒಂಟಿಯಾಗಿ ನಿಲ್ಲಬೇಕಾದ ಘಳಿಗೆ ಬಂತು. ಎರಡನೇ ಪಂಚವಾರ್ಷಿಕ ಯೋಜನೆಯ ಕರಡನ್ನು ನೋಡಲು ದೇಶದ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ಸಮಿತಿ ಕೂತಿತ್ತು. ಉಳಿದವರೆಲ್ಲ ಒಪ್ಪಿ ಸಹಿ ಹಾಕಿದರು. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದುಕೊಟ್ಟರು. ಜನ ಉಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಹೊರಟಿದ್ದೀರಿ. ಕೊರತೆಯನ್ನು ನೋಟು ಅಚ್ಚು ಹಾಕಿ ತುಂಬಿದರೆ ಬೆಲೆ ಏರುತ್ತದೆ, ವಿದೇಶಿ ವಿನಿಮಯ ಕರಗುತ್ತದೆ ಎಂದರು. ಕೊನೆಗೆ ಅಂಗೀಕಾರವಾದ 4,800 ಕೋಟಿ ರೂಪಾಯಿಯ ಯೋಜನೆಯಲ್ಲಿ 1,200 ಕೋಟಿ ಇಂಥ ಕೊರತೆ ಹಣವೇ. ಆ ದಿನಗಳಲ್ಲಿ ಯೋಜನೆಯೆಂದರೆ ದೇಶಭಕ್ತಿ. ಅದಕ್ಕೆ ಬೇಡ ಅನ್ನುವವನು, ತಾನೇ ದೇಶಕ್ಕಾಗಿ ಜೈಲು ಕಂಡವನು, ಎಷ್ಟು ಒಂಟಿಯಾಗಿರಬೇಕು!

ಎರಡೇ ವರ್ಷದಲ್ಲಿ ವಿನಿಮಯದ ಬಿಕ್ಕಟ್ಟು ಬಂತು. ರಿಸರ್ವ್ ಬ್ಯಾಂಕು ನೋಟಿಗೆ ಆಧಾರವಾಗಿ 400 ಕೋಟಿಯ ವಿದೇಶಿ ಭದ್ರತಾಪತ್ರ, 115 ಕೋಟಿಯ ಚಿನ್ನ ಇಡಬೇಕೆಂದು 1956ರಲ್ಲಿ ಮಾಡಿದ ಕಾನೂನನ್ನು 1957ರಲ್ಲೇ ತಿದ್ದಬೇಕಾಯಿತು: ಒಟ್ಟು 200 ಕೋಟಿ ಸಾಕು, ಅದರಲ್ಲಿ 115 ಕೋಟಿ ಚಿನ್ನವಿರಲಿ ಎಂದು. "ಆ ನಿಯಮ ಈಗಲೂ ಹಾಗೇ ಇದೆ," ಅಂದರು ಭಾವ. ಬ್ಯಾಂಕಿನಲ್ಲಿದ್ದವರು, ಇಂಥದು ಬಾಯಿಪಾಠ. "ದೇಶದೊಳಗಿನ ಚಿನ್ನ ಇಡೋದು ಮುಂಬೈಯಲ್ಲಿ, ಮತ್ತೆ ನಮ್ಮ ನಾಗಪುರದಲ್ಲಿ."

ಡಾಲರಿನ ಮಾತು ಇನ್ನೂ ಸ್ವಾರಸ್ಯದ್ದು. 1949ರಿಂದ ಡಾಲರಿಗೆ 4 ರೂಪಾಯಿ 76 ಪೈಸೆ ಎಂದು ಕಟ್ಟಿಟ್ಟಿದ್ದರು. ಆ ಬೆಲೆಗೆ ಎಲ್ಲರಿಗೂ ಡಾಲರು ಬೇಕು, ಇರುವುದು ಕೊಂಚ, ಹಾಗಾಗಿ ಆಮದಿಗೆ ಲೈಸೆನ್ಸು. ಸಿಕ್ಕವನು ಅದನ್ನೇ ಲಾಭಕ್ಕೆ ಮಾರುತ್ತಿದ್ದ. ಆ ಲಾಭ ಬಡವನ ಜೇಬಿನಿಂದಲೇ ಹೋಗುವುದು ಎಂದು ಶೆಣೈ ಮತ್ತೆ ಮತ್ತೆ ಬರೆದರು. ರೂಪಾಯಿಯ ನಿಜ ಬೆಲೆ ಒಪ್ಪಿಕೊಳ್ಳಿ ಎಂದರು. 1966ರ ಜೂನ್ 6ರಂದು ಡಾಲರಿಗೆ ಏಳೂವರೆ ರೂಪಾಯಿ ಆಯಿತು. ಲೈಸೆನ್ಸಿನ ಕಾಲ ಮಾತ್ರ ಮುಗಿಯಲಿಲ್ಲ. ಅವರು ತೀರಿಕೊಂಡದ್ದು 1978ರಲ್ಲಿ.

ಅದೇ ಕಾಲದ ಇನ್ನೊಬ್ಬ ಅರ್ಥಶಾಸ್ತ್ರಜ್ಞ ವಿ. ಕೆ. ಆರ್. ವಿ. ರಾವ್ ಅವರು ಕಟ್ಟಿದ ಸಂಸ್ಥೆ ಬೆಂಗಳೂರಿನಲ್ಲಿದೆ, ಅವರ ಹೆಸರು ನಮಗೆ ಬಾಯಲ್ಲಿದೆ. ಅದು ಸರಿಯೇ. ಶೆಣೈಯವರನ್ನು ಕನ್ನಡದಲ್ಲಿ ಇಷ್ಟು ಕಡಿಮೆ ನೆನೆಯುತ್ತೇವಲ್ಲ ಎಂಬುದು ನನ್ನ ನೋವು.

ಅರಮನೆಯ ಕಡೆ ನಡೆದೆವು. 1854ರಲ್ಲಿ ಬ್ರಿಟಿಷರು ಭೋಂಸಲೆಯವರ ರಾಜ್ಯವನ್ನು ನುಂಗಿದ ಮೇಲೆ ಇಲ್ಲಿನ ಆನೆ, ಕುದುರೆ, ಒಡವೆಗಳೆಲ್ಲ ಹರಾಜಿಗೆ ಹೋದವು. ಅದನ್ನು ಕೇಳುವಾಗ ಇನ್ನೊಂದು ಚಿನ್ನದ ಕಥೆ ನೆನಪಾಯಿತು: ವಿದೇಶಿ ವಿನಿಮಯ ಮತ್ತೆ ಬತ್ತಿದಾಗ, 1991ರ ಜುಲೈಯಲ್ಲಿ, ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಒತ್ತೆಯಾಗಿ ವಿಮಾನ ಹತ್ತಿತು. ಆ ಸುದ್ದಿ ಓದಿದ ದಿನ ನಮ್ಮಮ್ಮ ಕೈಬಳೆಯನ್ನು ಸುಮ್ಮನೆ ತಿರುಗಿಸುತ್ತ ಕೂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ.

ಮರುದಿನ ಭಾವನೊಡನೆ ಅಜನಿಗೆ ಹೋದೆ. ಶೆಣೈ ಇದ್ದ ಜೈಲಿನ ಗೋಡೆಯ ಹೊರಗೆ, ವಾರ್ಧಾ ರಸ್ತೆಯ ಬದಿಯಲ್ಲಿ, ಸ್ವಲ್ಪ ಹೊತ್ತು ನಿಂತೆವು. "ಆಗ ಎಷ್ಟು ವಯಸ್ಸಿರಬಹುದು ಅವರಿಗೆ?" ಅಂದರು ಭಾವ. ಇಪ್ಪತ್ತರ ಆಸುಪಾಸು, ಅಂದೆ. ಸಮುದ್ರದ ಬದಿಯ ಹುಡುಗ, ನಾಗಪುರದ ಬಿಸಿಲು.